ಆಪಾಳ ಕರೆಂಟ್ ಒಲೆ

ಕಳೆದ ವರ್ಷ ಮಳೆಗಾಲ ಮುಗಿಯುತ್ತಿದ್ದ ದಿನಗಳಲ್ಲಿ ಒಂದು ಬೆಳಿಗ್ಗೆ ಹುಕ್ಕೇರಿಯಿಂದ ಆಪಾಳ ಫೋನ್ ಬಂತು. ನಾನು ಗೋಕಾಕದ ನಮ್ಮ ಮನೆಯ ಮಾಳಿಗೆಯ ಮೇಲೆ ಶೇಂಗಾ ಹರವುತ್ತಿದ್ದೆ.

"ಏನ ಮಾಡಾಕತ್ತಿ ಅಕ್ಕೋರ?" ಎಂದಳು.

"ಶೇಂಗಾ ಒಣಾ ಹಾಕಾಕತ್ತೇನಿ."

"ಅದನ್ನ ಅಲ್ಲೇ ಬಿಡು. ನಾಳಿ ಹುಕ್ಕೇರಿಗೆ ಬಾ. ಬರೂಮುಂದ ಹಣ್ಣು ಗಿಣ್ಣು ಏನೂ ತರಬ್ಯಾಡ. ನಿನ್ನ ಮೂಗೊಂದ ತಗೊಂಡ ಬಾ."

ನಾನು ನಕ್ಕೆ. ಆ ಕಡೆಯಿಂದ ನಗು ಕೇಳಲಿಲ್ಲ.

ಆಪಾ ಎಂದರೆ ಉರ್ದುವಿನಲ್ಲಿ ಅಕ್ಕ, ಆದರೆ ಆಕೆ ನನ್ನ ಒಡಹುಟ್ಟಿದವಳಲ್ಲ. ಮೂಡಲಗಿಯಲ್ಲಿ ನಾನು ಕನ್ನಡ ಸಾಲೆಗೆ ಹೊಸದಾಗಿ ಮಾಸ್ತರಿಕೆಗೆ ಬಂದಾಗ, ಅದೇ ಕಂಪೌಂಡಿನ ಇನ್ನೊಂದು ಬದಿಯ ಉರ್ದು ಸಾಲೆಯಲ್ಲಿ ಆಕೆ ಕಲಿಸುತ್ತಿದ್ದಳು. ಯಮಕನಮರಡಿಯವಳು, ನನಗಿಂತ ಸ್ವಲ್ಪ ಹಿರಿಯಳು. ಆಕೆಯ ಸಾಲೆಯ ಮಕ್ಕಳು ಆಕೆಯನ್ನು ಆಪಾ ಎಂದು ಕರೆಯುತ್ತಿದ್ದವು, ನಾನೂ ಹಾಗೇ ಕರೆದೆ. ನನ್ನ ಸಾಲೆಯ ಮಕ್ಕಳು ನನ್ನನ್ನು ಅಕ್ಕೋರ ಎನ್ನುತ್ತಿದ್ದವು, ಆಕೆಯೂ ಹಾಗೇ ಕರೆದಳು. ಜಗಳವಾಡುವಾಗಲೂ ಅಕ್ಕೋರ ಎಂದೇ ಬೈಯುತ್ತಿದ್ದಳು. ಈಗ ಇಬ್ಬರಿಗೂ ನಿವೃತ್ತಿಯಾಗಿದೆ. ಆಪಾಳ ಯಜಮಾನರು ಹೋಗಿ ಬಹಳ ವರ್ಷವಾಯಿತು. ಹುಕ್ಕೇರಿಯಲ್ಲಿ ಮಗ ಸೊಸೆಯ ಜೊತೆ ಇದ್ದಾಳೆ.

ಕೊರೊನಾ ಬಂದ ಎರಡನೆಯ ಬೇಸಿಗೆಯಲ್ಲಿ ಆಪಾಳಿಗೂ ಜ್ವರ ಬಂದಿತ್ತು. ಜ್ವರ ಇಳಿಯಿತು, ಕೆಮ್ಮು ಇಳಿಯಿತು, ಹೋದ ವಾಸನೆ ಮಾತ್ರ ತಿರುಗಿ ಬರಲಿಲ್ಲ. ಬರುತ್ತದೆ, ತಡೀರಿ ಎಂದರು ಡಾಕ್ಟರು. ಓಣಿಯಲ್ಲಿ ಎಲ್ಲರಿಗೂ ಬಂತು, ಇವಳಿಗೆ ಬರಲಿಲ್ಲ. ಮೊದಮೊದಲು ಅದನ್ನೇ ಚೇಷ್ಟೆ ಮಾಡಿಕೊಂಡಿದ್ದಳು. ಗಟಾರದ ಬಾಜೂಕ ಕುಂತ ಆರಾಮ ಚಾ ಕುಡೀತೇನಿ ನೋಡು ಎನ್ನುತ್ತಿದ್ದಳು. ಆಮೇಲೆ ಒಂದು ದಿನ ಗಾಳಿಗೆ ಗ್ಯಾಸಿನ ಉರಿ ಆರಿಹೋಗಿ, ಗ್ಯಾಸು ಹಾಗೇ ಹರಿಯುತ್ತಿದ್ದಾಗ ಆಪಾ ಅದರ ಪಕ್ಕದಲ್ಲೇ ಕೂತು ಮೆಂತ್ಯ ಸೋಸುತ್ತಿದ್ದಳಂತೆ. ಪುಣ್ಯಕ್ಕೆ ಸೊಸೆ ಹೊರಗಿನಿಂದ ಬಂದವಳು ಕಿಟಕಿ ಬಾಗಿಲು ತೆರೆದು ಗ್ಯಾಸು ಬಂದ್ ಮಾಡಿದಳು. ಅಂದಿನಿಂದ ಮಗ, ಅಮ್ಮ ಗ್ಯಾಸ್ ಮುಟ್ಟಕೂಡದು ಎಂದುಬಿಟ್ಟ.

ಅಡಿಗೆ ಮಾಡದೆ ಇರುವವಳಲ್ಲ ಆಪಾ. ಮಗ ಇಂಡಕ್ಷನ್ ಒಲೆ ತಂದುಕೊಟ್ಟ. ಆದರೆ ಆಕೆಯ ಅಲ್ಯೂಮಿನಿಯಂ ಬೋಗುಣಿಗಳನ್ನಾಗಲಿ ಕಲಾಯಿ ಹಾಕಿಸಿದ ಪಾತ್ರೆಗಳನ್ನಾಗಲಿ ಅದು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ, ಕುಂಯ್ ಕುಂಯ್ ಎಂದು ಕೂಗಿ ಸುಮ್ಮನಾಯಿತು. ಅದು ಡಬ್ಬಿ ಸೇರಿತು. ಆಗ ಆಪಾ ಅಟ್ಟದ ಮೇಲಿದ್ದ ಹಳೆಯ ಕರೆಂಟ್ ಒಲೆಯನ್ನು ಇಳಿಸಿಕೊಂಡಳು. ಹಿತ್ತಲ ಕಡೆಯ ಪಡಸಾಲೆಯಲ್ಲಿ ಇಟ್ಟುಕೊಂಡು ತನ್ನ ಚಹಾ, ತನ್ನ ಪಲ್ಯ, ಮೊಮ್ಮಕ್ಕಳಿಗೆ ಉಪ್ಪಿಟ್ಟು ಎಂದು ನಡೆಸಿದ್ದಳು.

"ಈಗ ಸೊಸಿ ಅಂತಾಳ, ಒಲಿ ವಾಸನಿ ಬರತೈತಂತ," ಎಂದಳು ಫೋನಿನಲ್ಲಿ. "ಹಚ್ಚಿದ ಕೂಡ್ಲೆ ಸೆರಗ ಮೂಗಿಗೆ ಹಿಡೀತಾಳ. ಖರೇನ ಬರತೈತೋ, ಇಲ್ಲಾ ಮುದುಕಿ ಕೈಯಾಗಿಂದ ಇದನ್ನೂ ಕಸಗೋಬೇಕಂತಾಳೋ, ನನಗ ಹೆಂಗ ತಿಳೀಬೇಕು? ನೀ ಬಂದ ಮೂಸಿ ಹೇಳು. ನೀ ಹೇಳಿದ್ದ ನಾ ಕೇಳತೇನಿ."

ಮರುದಿನ ಹೊರಟೆ. ಘಟಪ್ರಭೆಯಲ್ಲಿ ಬಸ್ಸು ಬದಲಿಸಲು ನಿಂತಾಗ ಧುಪದಾಳದ ಕಡೆ ಹೋಗುವ ಒಂದು ಟೆಂಪೊ ಹತ್ತಿರ ಬಂದು ನಿಂತಿತು. ಆ ಒಲೆ ನಮಗೆ ಸಿಕ್ಕಿದ್ದೇ ಧುಪದಾಳದಲ್ಲಿ.

ಮೂಡಲಗಿಯಲ್ಲಿ ನನಗೆ ಕೋಣೆ ಬೇಕಾಗಿತ್ತು, ಆಪಾಳಿಗೂ ಬೇಕಾಗಿತ್ತು. ಒಬ್ಬೊಬ್ಬಳೇ ಹೆಣ್ಣಿಗೆ ಕೋಣೆ ಕೊಡುವವರು ಇರಲಿಲ್ಲ. ಇಬ್ಬರೂ ಸೇರಿ ಕೇಳಿದ್ದಕ್ಕೆ ಸಾಲೆಯ ಹಿಂದಿನ ಓಣಿಯ ಒಬ್ಬ ಆಯಿ ತನ್ನ ಮನೆಯ ಹೊರಗಿನ ಕೋಣೆ ಕೊಟ್ಟಳು. ಹಣೆಯ ತುಂಬ ವಿಭೂತಿ ಧರಿಸುವ, ಎರಡು ಹೊತ್ತು ಲಿಂಗಪೂಜೆ ಮಾಡುವ ಹಿರಿಯ ಹೆಂಗಸು. ಆಪಾ ಯಾರು ಎಂದು ಕೇಳಿ ತಿಳಿದುಕೊಂಡೇ ಕೊಟ್ಟಳು. "ನೀ ನಿಮ್ಮ ಮನ್ಯಾಗ ಏನರ ತಿನ್ನವ್ವಾ, ನನ್ನ ಮನ್ಯಾಗ ಕಾಯಿಪಲ್ಯ," ಎಂದಳು. ಆಪಾ ಒಪ್ಪಿದಳು. ಆಯಿಯ ಇನ್ನೊಂದು ಮಾತು ನಮಗೆ ಕಷ್ಟವಾಯಿತು. ಕೋಣೆಗೆ ಆಗತಾನೆ ಸುಣ್ಣ ಹೊಡೆಸಿದ್ದಳು, ಕಟ್ಟಿಗೆ ಒಲೆ ಹೂಡಬಾರದು. ಸ್ಟೋವಿನ ಸೀಮೆಎಣ್ಣೆ ವಾಸನೆ ಆಕೆಗೆ ತಲೆನೋವು ತರುತ್ತಿತ್ತು. ಗ್ಯಾಸು ಆಗಿನ ಕಾಲಕ್ಕೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯುವ ವಸ್ತು. ಉಳಿದದ್ದು ಕರೆಂಟು.

ಧುಪದಾಳದ ನೀರಾವರಿ ಕ್ವಾರ್ಟರ್ಸಿನಲ್ಲಿ ಒಬ್ಬ ಎಂಜಿನಿಯರಿಗೆ ವರ್ಗವಾಗಿ ಸಾಮಾನು ಮಾರುತ್ತಿದ್ದಾರೆ ಎಂದು ಆಪಾಳ ಸಂಬಂಧಿಕರು ಹೇಳಿಕಳಿಸಿದರು. ರವಿವಾರ ಇಬ್ಬರೂ ಹೋದೆವು. ಎಂಜಿನಿಯರರ ಹೆಂಡತಿ ಕರಾವಳಿಯ ಕಡೆಯವರು. ಕಿಟಕಿಯ ಕೆಳಗೆ ಇಟ್ಟಿದ್ದ ಒಲೆ ತೋರಿಸಿದರು. ಬಿಳಿ ಎನಾಮಲ್ ಮೈ, ಅದರ ಮೇಲೆ ಎರಡು ಕರಿ ಕಬ್ಬಿಣದ ತಟ್ಟೆ, ಮುಂದೆ ಎರಡು ತಿರುವುವ ಗುಂಡಿ. ಅಂಥದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಹತ್ತಿರ ಬಗ್ಗಿದವಳು ಹಾಗೇ ಹಿಂದೆ ಸರಿದೆ.

"ಮೀನಿನ ವಾಸನೆ ಉಂಟು," ಎಂದರು ಅವರು, ಮುಚ್ಚುಮರೆ ಇಲ್ಲದೆ. "ನಾವು ದಿನಾ ಮೀನು ಮಾಡ್ತಿದ್ದದ್ದು ಇದರಲ್ಲೇ. ತಿಕ್ಕಿದ್ರೆ ಹೋಗ್ತದೆ."

ನಾನು ಆಪಾಳ ಮುಖ ನೋಡಿದೆ. ಆಪಾ ಕಣ್ಣು ಮುಚ್ಚಿ ಉಸಿರು ಹಿಡಿದಿದ್ದಳು. ಆದರೂ ಬೇಡ ಎನ್ನಲಿಲ್ಲ. ನಮಗೆ ಬೇರೆ ದಾರಿ ಇರಲಿಲ್ಲ.

ಗೋಣಿಚೀಲ ಸುತ್ತಿ ಬಸ್ಸಿನಲ್ಲಿ ಕಾಲ ಬಳಿ ಇಟ್ಟುಕೊಂಡೆವು. ಬಿಸಿಲು ಏರಿದಂತೆ ಚೀಲ ಕಾಯಿತು, ವಾಸನೆ ಎದ್ದಿತು. ಜನ ತಿರುಗಿ ತಿರುಗಿ ನೋಡತೊಡಗಿದರು. ಕಂಡಕ್ಟರ್ ಬಂದು ಚೀಲ ಒದ್ದು, "ಮೀನಿನ ಬುಟ್ಟಿ ಮ್ಯಾಲ ಹಾಕ್ಬೇಕ್ರಿ," ಎಂದ. ಒಲೆ ಎಂದರೆ ನಂಬಲಿಲ್ಲ. ಚೀಲ ಬಿಚ್ಚಿ ತೋರಿಸಬೇಕಾಯಿತು. ಅವನು ಆಚೆ ಹೋದ ಮೇಲೆ ಆಪಾ ನನ್ನ ಕಿವಿಯಲ್ಲಿ ಅಂದಳು: "ನೋಡ್ರಿ, ಎಲ್ಲಾರೂ ನನ್ನ ಕಡೇನ ನೋಡಾಕತ್ತಾರ. ಬುರ್ಖಾ ಹಾಕ್ಕೊಂಡಾಕೀನ ಮೀನ ತಂದಾಳ ಅಂತ. ಖರೆ ಹೇಳಬೇಕಂದ್ರ ನನಗ ಮೀನ ಕಂಡ್ರ ಓಕರಿಕಿ ಬರತೈತ್ರಿ. ಹುಟ್ಟಿದಾಗಿಂದ ಬಾಯಾಗ ಇಟ್ಟಿಲ್ಲ." ಇಬ್ಬರಿಗೂ ನಗು ತಡೆಯಲಾಗದೆ ಮೂಡಲಗಿ ಬರುವವರೆಗೆ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದೆವು.

ಆಯಿ ಒಲೆಯನ್ನು ಹೊಸಿಲು ದಾಟಲು ಬಿಡಲಿಲ್ಲ. ಅಂಗಳದ ನಳದ ಹತ್ತಿರ ಇಡಿಸಿದಳು. ನಾವು ಅಲ್ಲೇ ಕೂತು ತಿಕ್ಕಿದೆವು. ಮೊದಲು ಬೂದಿ ಹಾಕಿ ಮೈ ಉಜ್ಜಿದೆವು, ಎನಾಮಲ್ ಬೆಳ್ಳಗಾಯಿತು, ವಾಸನೆ ಹೋಗಲಿಲ್ಲ. ತಟ್ಟೆಗಳ ಸುತ್ತ ಬಳೆಯಂಥ ತಗಡಿನ ಪಟ್ಟಿಗಳಿದ್ದವು. ಅವು ಮೇಲಕ್ಕೆ ಬರುತ್ತವೆ ಎಂಬುದೇ ನಮಗೆ ಗೊತ್ತಿರಲಿಲ್ಲ. ಆಪಾ ಚಮಚದ ಹಿಡಿಕೆಯಿಂದ ಮೀಟಿದಾಗ ಒಂದು ಟಕ್ಕೆಂದು ಎದ್ದು ಬಂತು. ಅದರ ಕೆಳಗೆ ಇತ್ತು ನೋಡಿ, ಎಣ್ಣೆ ಮಸಾಲೆ ಸೇರಿ ಸುಟ್ಟು ಟಾರಿನಂತೆ ಅಂಟಿಕೊಂಡ ಪದರ. ಹುಣಸೆಹಣ್ಣು ಕುದಿಸಿದ ನೀರಲ್ಲಿ ಪಟ್ಟಿಗಳನ್ನು ನೆನೆಹಾಕಿದೆವು. ಒಳಗಿನದನ್ನು ಬೇವಿನ ಕಡ್ಡಿ ಚೂಪು ಮಾಡಿ ಕೆರೆದೆವು. ಅಡಿಗೆ ಸೋಡಾವನ್ನು ಹಿಟ್ಟಿನಂತೆ ಕಲಸಿ ಮೆತ್ತಿ, ಒಣಗಿದ ಮೇಲೆ ಒದ್ದೆ ಬಟ್ಟೆಯಿಂದ ಒರೆಸಿದೆವು. ಕಟ್ಟೆಯ ಮೇಲೆ ಕೂತು ನೋಡುತ್ತಿದ್ದ ಆಯಿ ಸಂಜೆಗೆ ತಾನೇ ಎದ್ದು ಬಂದಳು. ಬಚ್ಚಲೊಲೆಯ ಇದ್ದಿಲು ತಂದು, "ಹಳೇ ಟ್ರಂಕಿನಾಗ ಒಲಿ ಇಟ್ಟ, ಸುತ್ತ ಇದ್ದಲಿ ತುಂಬಿ ಮುಚ್ಚರಿ. ಅದು ವಾಸನಿ ಎಳಕೊಂತೈತಿ," ಎಂದಳು. ನಾವು ಟ್ರಂಕಿನ ಬಟ್ಟೆ ತೆಗೆದು ಹಗ್ಗದ ಮೇಲೆ ಹಾಕಿ, ಒಲೆಗೆ ಜಾಗ ಮಾಡಿಕೊಟ್ಟೆವು. ಆ ವಾರ ಪೂರ್ತಿ ಚುರಮರಿ ತಿಂದು ಸಾಲೆಗೆ ಹೋದೆವು. ಮುಂದಿನ ರವಿವಾರ ತೆಗೆದಾಗ ಆಯಿಯೇ ಮೊದಲು ಬಗ್ಗಿ ಮೂಸಿ, ಆಯ್ತು, ಒಳಗ ತಗೊಳ್ರಿ ಎಂದಳು.

ಆ ಒಲೆ ತಿಕ್ಕಲು ಕೂತಾಗ ಆಪಾಳಿಗೆ 'ಇದನ್ನ ಹಿಡೀರಿ, ನೀರ ಹಾಕ್ರಿ' ಎನ್ನುತ್ತಿದ್ದೆ. ಸಂಜೆಯ ಹೊತ್ತಿಗೆ 'ಹಿಡಿಬೇ, ಹಾಕಬೇ' ಎನ್ನತೊಡಗಿದ್ದೆ. ಯಾವಾಗ ಬದಲಾಯಿತೋ ಇಬ್ಬರಿಗೂ ತಿಳಿಯಲಿಲ್ಲ.

ಎಡ ತಟ್ಟೆ ಆಪಾಳದು, ಬಲ ತಟ್ಟೆ ನನ್ನದು ಎಂದು ಮೊದಲ ತಿಂಗಳು ಮಾತಾಗಿತ್ತು. ಆಮೇಲೆ ಒಂದರ ಮೇಲೆ ಅನ್ನ, ಇನ್ನೊಂದರ ಮೇಲೆ ಸಾರು, ಯಾರು ಮೊದಲು ಸಾಲೆಯಿಂದ ಬಂದರೋ ಅವರದು ಅಡಿಗೆ. ಮೂಡಲಗಿಯಲ್ಲಿ ಆಗ ಸಂಜೆ ಕರೆಂಟು ಯಾವಾಗ ಹೋಗುತ್ತದೆಂದು ಹೇಳಲು ಬರುತ್ತಿರಲಿಲ್ಲ. ಅನ್ನ ಅರ್ಧ ಬೆಂದಾಗ ದೀಪ ಆರುತ್ತಿತ್ತು. ಆದರೆ ಆ ದಪ್ಪ ಕಬ್ಬಿಣದ ತಟ್ಟೆ ಬೇಗ ಆರುತ್ತಿರಲಿಲ್ಲ. ಬೋಗುಣಿಯ ಮೇಲೆ ತಾಟು ಮುಚ್ಚಿ, ಅದರ ಮೇಲೆ ಟಾವೆಲ್ ಹೊದಿಸಿ, ಕತ್ತಲಲ್ಲಿ ಇಬ್ಬರೂ ಒಲೆಯ ಎದುರು ಕೂತು ಮಾತಾಡುತ್ತಿದ್ದೆವು. ನನ್ನ ತವರು ಮಮದಾಪುರದ ಸುದ್ದಿ, ಆಕೆಯ ತಮ್ಮಂದಿರ ಲಾರಿಗಳ ಸುದ್ದಿ, ಹೆಡ್ ಮಾಸ್ತರರ ಕೋಪ. ತಾಟು ತೆಗೆದರೆ ಅನ್ನ ಆಗಿರುತ್ತಿತ್ತು, ಬಹಳ ಸಲ.

ಹುಕ್ಕೇರಿಯ ಮನೆ ಮುಟ್ಟಿದಾಗ ಬಾಗಿಲು ತೆಗೆದದ್ದು ಸೊಸೆ. ಮನೆಯಲ್ಲಿ ಅವರು ಆಡುವುದು ಉರ್ದು, ನನ್ನೆದುರು ಕನ್ನಡ. "ಬರ್ರಿ ಖಾಲಾ," ಎಂದು ಚಿಕ್ಕಮ್ಮನನ್ನು ಕರೆದಂತೆ ಕರೆದು ನೀರು ಕೊಟ್ಟಳು. ಲೋಟ ತೆಗೆದುಕೊಳ್ಳುವಾಗ ಮೆಲ್ಲಗೆ ಅಂದಳು: "ಅಮ್ಮಿ ನಿಮ್ಮನ್ನ ಯಾಕ ಕರಿಸ್ಯಾರ ನನಗ ಗೊತ್ತೈತ್ರಿ. ಅವರ ಮನಸ್ಸ ನೋಯಿಸಬ್ಯಾಡ್ರಿ. ಆದ್ರ ಖರೆ ಹೇಳ್ರಿ ಖಾಲಾ. ನನಗ ಹೆದರಿಕಿ ಆಗತೈತಿ."

ಹೆದರಿಕೆ ಎಂದದ್ದು ನನಗೆ ಸರಿಯಾಗಿ ಅರ್ಥವಾಗಲಿಲ್ಲ. ಏನೋ ಅತ್ತೆಯ ಸಿಟ್ಟಿಗೆ ಹೆದರುತ್ತಾಳೆ ಎಂದುಕೊಂಡೆ.

ಆಪಾ ಪಡಸಾಲೆಯಲ್ಲಿ ಮಣೆಯ ಮೇಲೆ ಕೂತಿದ್ದಳು. ಎದುರಿಗೆ ಕಲ್ಲಿನ ಕಟ್ಟೆಯ ಮೇಲೆ ಅದೇ ಒಲೆ. ಎನಾಮಲ್ ಅಲ್ಲಲ್ಲಿ ಚಕ್ಕೆ ಎದ್ದು ಕರಿ ಕಂಡಿತ್ತು. ಒಂದು ಗುಂಡಿ ಒಡೆದು ದಾರ ಸುತ್ತಿದ್ದರು. ಆಪಾ ಎದ್ದು ಅಪ್ಪಿಕೊಂಡಳು, ಆರಾಮಿದ್ದೀಯಾ ಎಂದು ಕೇಳಲೂ ಇಲ್ಲ, ಒಲೆ ಹಚ್ಚಿದಳು. "ಹೂಂ, ಮೂಸು," ಎಂದಳು.

ತಟ್ಟೆ ಕಾಯುತ್ತ ಬಂದಂತೆ ವಾಸನೆ ಎದ್ದಿತು. ಅಡಗಿಸಿ ಹೇಳುವಂಥದ್ದಲ್ಲ. ಹಳೆಯ ಎಣ್ಣೆ, ಹೊತ್ತಿದ ಹಾಲು, ಇನ್ನೂ ಏನೋ. ಆಪಾ ನನ್ನ ಮುಖವನ್ನೇ ನೋಡುತ್ತಿದ್ದಳು. ಬಾಗಿಲಲ್ಲಿ ಸೊಸೆ ನಿಂತಿದ್ದಳು. ಇಲ್ಲ ಎಂದರೆ ಆಪಾ ಆವತ್ತಿಗೆ ಗೆದ್ದಂತೆ. ಆದರೆ ಆಕೆ ಕರೆಸಿದ್ದು ನನ್ನ ಮೂಗನ್ನು, ಬಾಯನ್ನಲ್ಲ.

"ಬರಾಕತ್ತೈತಿ ಆಪಾ," ಎಂದೆ. "ಜೋರ ಬರಾಕತ್ತೈತಿ."

ಆಪಾ ಒಲೆ ಆರಿಸಿದಳು. ಸೊಸೆ ಒಳಗೆ ಹೋದಳು. "ಎರಡ ವರ್ಷದಿಂದ ನಾನೂ ಹಿಂಗ ನಾರಾಕತ್ತಿರಬೇಕು, ನನಗ ಗೊತ್ತಿಲ್ಲ," ಎಂದಳು ಆಪಾ, ತನ್ನ ಸೆರಗು ಮೂಗಿಗೆ ಹಿಡಿದು.

"ನೀ ಅಲ್ಲಬೇ, ಒಲಿ. ಮ್ಯಾಲೇಳು, ತಿಕ್ಕೋಣು. ಸೋಡಾ ಎಲ್ಲೈತಿ?"

"ಮೊದಲ ಲೋಬಾನದ ಹೊಗಿ ಹಾಕತೇನಿ, ತಡಿ."

"ಲೋಬಾನ ಬ್ಯಾಡ. ಅದು ಮ್ಯಾಲಿಂದ ಮುಚ್ಚತೈತಿ ಅಷ್ಟ. ಒಳಗಿಂದ ತಗೀಬೇಕು."

ಪ್ಲಗ್ ಕಿತ್ತು, ತಟ್ಟೆ ಆರುವವರೆಗೆ ಚಹಾ ಕುಡಿದೆವು. ಚಹಾ ಸೊಸೆಯೇ ಒಳಗಿನ ಗ್ಯಾಸಿನ ಮೇಲೆ ಮಾಡಿ ಕೊಟ್ಟಳು. ಆಮೇಲೆ ಗುಂಡಿಗಳನ್ನು ಎಳೆದು ಸಾಬೂನು ನೀರಿಗೆ ಹಾಕಿದೆವು. ಪಟ್ಟಿಗಳನ್ನು ಚಮಚದ ಹಿಡಿಕೆಯಿಂದಲೇ ಮೀಟಿದೆವು. ಆಪಾಳ ಬೆರಳುಗಳಿಗೆ ಸಂಧಿವಾತ, ನನ್ನ ಕಣ್ಣಿನ ಪೊರೆ ತೆಗೆಸಿ ಆಗಷ್ಟೇ ಕೆಲವು ತಿಂಗಳು. ನೆಲಕ್ಕೆ ಕೂತರೆ ಏಳುವುದು ಕಷ್ಟ ಎಂದು ಒಲೆಯನ್ನು ಸ್ಟೂಲಿನ ಮೇಲಿಟ್ಟುಕೊಂಡು ಎದುರುಬದುರು ಕುರ್ಚಿ ಹಾಕಿ ಕೂತೆವು. ಮೂಡಲಗಿಯಲ್ಲಿ ಕುಕ್ಕರಗಾಲಲ್ಲಿ ಸಂಜೆಯವರೆಗೆ ಕೂತವರು ನಾವೇನಾ ಎನಿಸಿತು.

ನಾನು ಕೆರೆಯುತ್ತಿದ್ದೆ, ಆಪಾ ಒರೆಸುತ್ತಿದ್ದಳು. ಮೇಲಿನ ಒಂದು ಪದರ ಎದ್ದು ಬಂದಾಗ ನನಗೆ ಅರಿವಿಲ್ಲದೆಯೇ "ಹಾಲು" ಎಂದೆ.

"ಏನು?"

"ಹಾಲಿನ ವಾಸನಿ. ಉಕ್ಕಿ ಸುಟ್ಟಿದ್ದು."

"ಹೌದು, ದಿನಾ ಉಕ್ಕತೈತಿ. ಮೊದಲಾದ್ರ ಪಡಸಾಲ್ಯಾಗ ಕುಂತ್ರೂ ಹಾಲ ಏಳೂ ವಾಸನಿ ಬರತಿತ್ತು, ಓಡಿ ಬರತಿದ್ದೆ." ಒರೆಸುವ ಕೈ ನಿಲ್ಲಿಸಿದಳು. "ಅದರ ಕೆಳಗ ಏನೈತಿ? ಹೇಳು."

ಕೆಳಗಿನದನ್ನು ಕಡ್ಡಿಯಲ್ಲಿ ಎಬ್ಬಿಸಿ ಮೂಸಿದೆ. "ಒಗ್ಗರಣಿ. ಜೀರಗಿ ಐತಿ, ಬಳ್ಳೊಳ್ಳಿ ಐತಿ."

"ಬಳ್ಳೊಳ್ಳಿ ಕರೆ ಆಗೈತೋ, ಕೆಂಪ ಐತೋ?"

"ಕರೆ ಆಗೈತಿ."

"ಹಂಗಾರ ಅದು ನಂದ. ಈಗೀಗ ಯಾವಾಗಲೂ ಹೊತ್ತಸ್ತೇನಿ." ಅವಳಿಗೆ ನಗು ಬಂತು. "ಮುಂದ ಹೇಳು, ಮುಂದ ಹೇಳು."

ಹೀಗೆ ಕೆರೆದದ್ದನ್ನೆಲ್ಲ ಮೂಸಿ ಮೂಸಿ ಹೇಳುತ್ತ ಹೋದೆ. ಇಡೀ ಜೀವಮಾನ ಮಕ್ಕಳಿಗೆ ಹೇಳಿಕೊಟ್ಟೇ ಹೊಟ್ಟೆ ಹೊರೆದವಳು ನಾನು, ಆದರೂ ವಾಸನೆಯನ್ನು ಮಾತಿನಲ್ಲಿ ಹೇಳುವುದು ಇಷ್ಟು ಕಷ್ಟ ಎಂದು ಗೊತ್ತಿರಲಿಲ್ಲ. ಹಸಿ, ಕಮಟು, ಖಾರ, ಅಷ್ಟಕ್ಕೇ ಮಾತು ಮುಗಿಯುತ್ತಿತ್ತು. ಆಪಾ ಬಿಡುತ್ತಿರಲಿಲ್ಲ. ಯಾವ ಕಮಟು, ಎಳ್ಳೆಣ್ಣಿದೋ ಶೇಂಗಾ ಎಣ್ಣಿದೋ ಎಂದು ಕೇಳುತ್ತಿದ್ದಳು. ನಾನು ಹೇಳಿದಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಆಮೇಲೆ, ಹೂಂ, ಎನ್ನುತ್ತಿದ್ದಳು, ಯಾರೋ ದೂರದಲ್ಲಿ ಕರೆದದ್ದು ಕೇಳಿದಂತೆ.

ಬಲ ತಟ್ಟೆಯ ಕೆಳಗೆ, ಮೂಲೆಯಲ್ಲಿ, ಕಲ್ಲಿನಂತೆ ಗಟ್ಟಿಯಾದ ಒಂದು ಕರಿ ಗಂಟು ಇತ್ತು. ಕೆರೆದರೆ ಬರಲಿಲ್ಲ. ಬಿಸಿನೀರಿನ ಬಟ್ಟೆ ಒತ್ತಿಟ್ಟು ಮೆತ್ತಗೆ ಮಾಡಿದೆ. ಆಗ ಸಿಹಿ ವಾಸನೆ ಬಂತು.

"ಬೆಲ್ಲ," ಎಂದೆ.

"ಈ ಮನ್ಯಾಗ ನಾ ಈ ಒಲಿ ಮ್ಯಾಲ ಬೆಲ್ಲ ಕಾಸಿಲ್ಲ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಮೂಡಲಗಿಯ ಸುತ್ತ ಎಲ್ಲಾ ಕಬ್ಬು. ಗಾಣ ಹೂಡಿದ ಕಾಲಕ್ಕೆ ಮಕ್ಕಳ ಮನೆಯವರು ಹೊಸ ಬೆಲ್ಲದ ಅಚ್ಚು ತಂದುಕೊಡುತ್ತಿದ್ದರು. ಒಂದು ವರ್ಷ ನಾವು ಎರಡೂ ಸಾಲೆಯ ಮಕ್ಕಳಿಗೆಂದು ಶೇಂಗಾ ಚಿಕ್ಕಿ ಮಾಡಲು ಕೂತಿದ್ದೆವು. ಬೆಲ್ಲದ ಪಾಕ ಏರುತ್ತಿದ್ದಾಗ ಉರ್ದು ಸಾಲೆಯ ಹೆಡ್ ಮಾಸ್ತರರು ಅಂಗಳಕ್ಕೇ ಬಂದು, ಆಪಾ, ನಿಮಗ ಹುಕ್ಕೇರಿಗೆ ವರ್ಗ ಆತು ಎಂದರು. ಆಪಾ ಕೇಳಿಕೊಂಡಿದ್ದ ವರ್ಗವೇ ಅದು. ಮದುವೆಯಾಗಿತ್ತು, ಗಂಡನ ಮನೆ ಹುಕ್ಕೇರಿ. ಸಂತೋಷಪಡಬೇಕಾದ ಸುದ್ದಿ. ಆಪಾ ಎದ್ದು ಹೊರಗೆ ಹೋಗಿ ಅವರ ಮುಂದೆ ನಿಂತಳು, ನಾನೂ ಸವಟು ಹಿಡಿದುಕೊಂಡೇ ಹಿಂದೆ ಹೋಗಿ ನಿಂತೆ. ಒಳಗೆ ಪಾಕ ಉಕ್ಕಿ ಒಲೆಯೆಲ್ಲ ಹರಿದು ಹೊಗೆ ಎದ್ದಮೇಲೆ, ಅದರ ವಾಸನೆಗೇ ನಾವು ಎಚ್ಚೆತ್ತದ್ದು. ಒಲೆ ಆಪಾಳ ಜೊತೆ ಹುಕ್ಕೇರಿಗೆ ಹೋಯಿತು.

ಅಷ್ಟು ವರ್ಷದ ಹಿಂದಿನ ಬೆಲ್ಲ ಅಲ್ಲೇ ಕೂತಿತ್ತೋ, ಅಟ್ಟಕ್ಕೆ ಹಾಕುವ ಮೊದಲು ಬೇರೆ ಯಾರಾದರೂ ಏನಾದರೂ ಕಾಸಿದ್ದರೋ, ನಾನು ಹೇಳಲಾರೆ. ಆಪಾ ಆ ಬಟ್ಟೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಮೂಗಿಗೆ ಹಿಡಿದಳು. ಎದೆ ಉಬ್ಬುವಷ್ಟು ಉಸಿರು ಎಳೆದಳು. ಇನ್ನೊಮ್ಮೆ ಎಳೆದಳು. ತಲೆ ಅಲ್ಲಾಡಿಸಿ ಬಟ್ಟೆ ಕೆಳಗಿಟ್ಟಳು.

"ಹೆಂಗೈತಿ?" ಎಂದಳು.

"ಗಾಣದ ಬಾಜೂಕ ಹಾದ ಹೋದಂಗ ಐತಿ. ಸ್ವಲ್ಪ ಸುಟ್ಟೈತಿ, ಅಷ್ಟ."

"ಸಂಜೀಕೋ, ಮಧ್ಯಾಹ್ನಕೋ?"

"ಸಂಜೀಕ. ಹೊಗಿ ಕೆಳಗ ಇಳದಾಗ."

ಆಪಾ ಕಣ್ಣೊರೆಸಿಕೊಂಡಳು. ಕೈಗೆ ಸೋಡಾ ಹತ್ತಿದ್ದರಿಂದ ಕಣ್ಣು ಉರಿದು, ನೀರು ತಾ ಎಂದು ಸೊಸೆಯನ್ನು ಕೂಗಿದಳು. ನೀರು ತಂದ ಸೊಸೆ ಒಲೆಯ ಒಳಭಾಗ ನೋಡಿ ನಿಂತಳು, ಪಟ್ಟಿಗಳನ್ನು ತಾನು ತಿಕ್ಕುತ್ತೇನೆಂದು ಒಯ್ದಳು.

ಮಧ್ಯಾಹ್ನ ಊಟದ ಹೊತ್ತಿಗೆ ಎಲ್ಲಾ ಒರೆಸಿ ಬಿಸಿಲಿಗಿಟ್ಟೆವು. ಪೂರ್ತಿ ಒಣಗಿದ ಮೇಲೆ ಕಬ್ಬಿಣದ ತಟ್ಟೆಗಳಿಗೆ ತುಕ್ಕು ಹಿಡಿಯದಂತೆ ಚೂರು ಎಣ್ಣೆ ಸವರಿದೆ. ಎಡ ತಟ್ಟೆ ಹಚ್ಚಿ, ಬೋಗುಣಿಯಲ್ಲಿ ನಿಂಬೆಸಿಪ್ಪೆ ಹಾಕಿದ ನೀರು ಕುದಿಸಿದೆವು. ಎಣ್ಣೆಯ ಹೊಗೆ ಸ್ವಲ್ಪ ಬಂದು ನಿಂತಿತು, ಆಮೇಲೆ ಬರೀ ನಿಂಬೆ. ಸೊಸೆಯನ್ನು ಕರೆದೆವು. ಬಂದು ಮೂಸಿ, "ಇದು ಹೋಗೇತ್ರಿ," ಎಂದಳು. ಆಪಾಳ ಮುಖ ಅರಳಿತು. "ಇನ್ನೊಂದ ಹಚ್ಚರಿ," ಎಂದಳು ಸೊಸೆ.

ಬಲ ತಟ್ಟೆ ಹಚ್ಚಿದೆ. ಮೊದಲು ಏನೂ ಇಲ್ಲ. ಗುಂಡಿಯನ್ನು ಪೂರ್ತಿ ತಿರುವಿದೆ. ಸ್ವಲ್ಪ ಹೊತ್ತಿಗೆ ಬಂತು, ಮೂಗಿನ ಬುಡಕ್ಕೆ ಚುಚ್ಚುವಂಥದ್ದು. ಹಾಲಲ್ಲ, ಎಣ್ಣೆಯಲ್ಲ, ತಿನ್ನುವ ಯಾವುದೂ ಅಲ್ಲ. ರಬ್ಬರ್ ಚಪ್ಪಲಿ ಸುಟ್ಟಂತೆ.

"ಇದ ಖಾಲಾ!" ಎಂದಳು ಸೊಸೆ. "ಇದ ವಾಸನಿ ನಾ ದಿನಾ ಹೇಳೂದು!"

ನಾನು ಓಡಿಹೋಗಿ ಸ್ವಿಚ್ ಆರಿಸಿದೆ. ಆಪಾ ಏನಾತು, ಏನಾತು ಎಂದು ಇಬ್ಬರನ್ನೂ ನೋಡುತ್ತಿದ್ದಳು. ಆಕೆಯ ಪಾಲಿಗೆ ಅಲ್ಲಿ ಏನೂ ಆಗಿರಲಿಲ್ಲ, ಬಿಸಿಲು ಬಿದ್ದ ಪಡಸಾಲೆ, ಒಂದು ಒಲೆ, ಹೆದರಿ ನಿಂತ ಇಬ್ಬರು ಹೆಂಗಸರು, ಅಷ್ಟೆ.

ಸಂಜೆ ಮಗ ತನ್ನ ಅಂಗಡಿಯಿಂದ ಬಂದು ಒಲೆಯನ್ನು ಬೋರಲು ಹಾಕಿ ಕೆಳಗಿನ ತಗಡು ಬಿಚ್ಚಿದ. ಬಲ ತಟ್ಟೆಗೆ ಹೋಗುವ ವಾಯರಿನ ಮೇಲಿನ ಹೊದಿಕೆ ಕರಗಿ ಒಳಗಿನ ತಂತಿ ಬತ್ತಲೆಯಾಗಿತ್ತು. ತಗಡಿಗೆ ತಾಗಲು ಒಂದು ಕಾಳಿನಷ್ಟು ಜಾಗವೂ ಉಳಿದಿರಲಿಲ್ಲ. ತಾಗಿದ್ದರೆ ಇಡೀ ಒಲೆಗೇ ಕರೆಂಟು ಬರುತ್ತಿತ್ತು, ಆಪಾ ದಿನಾ ಒದ್ದೆ ಕೈಯಲ್ಲಿ ಅದನ್ನು ಒರೆಸುತ್ತಿದ್ದಳು.

ಮಗ ಸಿಟ್ಟಿಗೇಳುತ್ತಾನೆ, ಗುಜರಿಗೆ ಹಾಕುತ್ತಾನೆ ಎಂದುಕೊಂಡೆ. ಅವನು ಹೆಂಡತಿಯ ಮುಖ ನೋಡಿದ. ಸೊಸೆ ಅಂದಳು: "ಗುಜರಿಗೆ ಬ್ಯಾಡ್ರಿ. ಬಜಾರದಾಗ ಕೊಟ್ಟ ಹೊಸಾ ವಾಯರ್ ಹಾಕಿಸಿಕೊಂಡ ಬರ್ರಿ. ಅರ್ಥಿಂಗೂ ನೋಡಸ್ರಿ." ಅವನು ಆಗಲೇ ಗಾಡಿಯ ಮೇಲಿಟ್ಟುಕೊಂಡು ಹೋದ.

ಆಪಾ ಸೊಸೆಯ ಕೈ ಹಿಡಿದಳು. ಉರ್ದುವಿನಲ್ಲಿ ಏನೋ ಹೇಳಲು ಹೋಗಿ, ನಾನು ಇರುವುದು ನೆನಪಾಗಿ ಕನ್ನಡಕ್ಕೆ ತಿರುಗಿದಳು. "ನೀ ಹೇಳಿದ್ದ ಖರೆ ಇತ್ತವ್ವಾ. ನಾ ಬ್ಯಾರೆ ತಿಳಕೊಂಡಿದ್ದೆ. ನನ್ನ ಅಡಿಗಿ ನಾರತೈತಿ ಅಂತೀ ಅಂತ ತಿಳಕೊಂಡೆ."

"ಅಡಿಗಿದಲ್ಲ ಅಮ್ಮಿ," ಎಂದಳು ಸೊಸೆ. "ಎಂಥಾ ವಾಸನಿ ಅಂತ ನನಗೂ ಹೇಳಾಕ ಬರಲಿಲ್ಲ. ಬರೇ ವಾಸನಿ, ವಾಸನಿ ಅಂದೆ. ನೀವು ಒಳಗ ಹೋಗಿ ಬಾಗಲಾ ಹಾಕ್ಕೊಂಡ್ರಿ. ಮತ್ತ ಹೇಳಾಕ ಬಾಯಿ ಬರಲಿಲ್ಲ."

ಬೆಳಿಗ್ಗೆ ಬಾಗಿಲಲ್ಲಿ ಹೆದರಿಕೆ ಎಂದದ್ದು ಅತ್ತೆಗಲ್ಲ, ಈ ಸುಟ್ಟ ವಾಸನೆಗೆ ಎಂದು ನನಗೆ ಆಗ ತಿಳಿಯಿತು.

ಆ ರಾತ್ರಿ ಅಲ್ಲೇ ಉಳಿದೆ. ಮರುದಿನ ಬಜಾರದ ಅಂಗಡಿ ತೆಗೆಯುತ್ತಲೇ ಒಲೆ ದುರಸ್ತಿಯಾಗಿ ಬಂತು. ಆಪಾ ನಾನು ಹೊರಡುವ ಮೊದಲು ಶಾವಿಗೆ ಖೀರು ಮಾಡುತ್ತೇನೆಂದು ಕೂತಳು. ಹೊಸ ವಾಯರಿನ ಬಲ ತಟ್ಟೆಯ ಮೇಲೇ ಬೋಗುಣಿ ಇಟ್ಟಳು. ತುಪ್ಪ ಕಾದು ಶಾವಿಗೆ ಬಿತ್ತು. ಶಾವಿಗೆ ಹುರಿಯುವುದೆಲ್ಲ ಮೂಗಿನ ಕೆಲಸ. ಹಸಿಯಿದ್ದರೆ ಖೀರು ಅಂಟಾಗುತ್ತದೆ, ಒಂದು ಕ್ಷಣ ಹೆಚ್ಚಾದರೆ ಕಹಿ. ಆಪಾ ಬಣ್ಣ ನೋಡುತ್ತ, ಸವಟಿನ ಸದ್ದು ಕೇಳುತ್ತ ಕೈಯಾಡಿಸುತ್ತಿದ್ದಳು. ನಾನು ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅಂಗಳ ಗುಡಿಸುತ್ತಿದ್ದ ಸೊಸೆ ಕಸಬರಿಗೆ ಹಿಡಿದುಕೊಂಡೇ ಕೂಗಿದಳು:

"ಅಮ್ಮಿ, ಸಾಕು! ಘಮಾ ಬಂತು. ಹಾಲ ಹಾಕ್ರಿ."

ಆಪಾ ಹಾಲು ಸುರಿದಳು. ಚುಂಯ್ ಎಂದು ಸದ್ದಾಗಿ ಹಬೆ ಎದ್ದಿತು. ಸೊಸೆ ಕಸಬರಿಗೆ ಮೂಲೆಗಿಟ್ಟು, ಕೈ ತೊಳೆದು ಬಂದು ಮಣೆ ಎಳೆದುಕೊಂಡು ಒಲೆಯ ಪಕ್ಕ ಕೂತಳು. ಆ ಪಡಸಾಲೆಯಲ್ಲಿ ಒಲೆ ಹತ್ತಿದಾಗ ಅವಳು ಹಾಗೆ ಕೂತದ್ದು ಅದೇ ಮೊದಲಿರಬೇಕು, ಆಪಾ ಸರಿದು ಜಾಗ ಬಿಟ್ಟ ರೀತಿಯಲ್ಲಿ ಗೊತ್ತಾಗುತ್ತಿತ್ತು. ಸಕ್ಕರೆ ಎಷ್ಟು, ಯಾಲಕ್ಕಿ ಯಾವಾಗ ಎಂದು ಇಬ್ಬರಿಗೂ ವಾದ ಶುರುವಾಯಿತು. ವಾದ ಏರಿದಂತೆ ಕನ್ನಡ ಹೋಗಿ ಉರ್ದು ಬಂತು. ನನಗೆ ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ನಾನಿದ್ದೇನೆ ಎಂಬುದನ್ನು ಇಬ್ಬರೂ ಮರೆತಿದ್ದರು. ಖೀರು ಆಗಿ ಬಟ್ಟಲಿಗೆ ಬರುವಷ್ಟರಲ್ಲಿ ಘಟಪ್ರಭೆಯ ಬಸ್ಸು ಹೋಗಿಬಿಟ್ಟಿತ್ತು. ಮಧ್ಯಾಹ್ನದ ಬಸ್ಸಿಗೆ ಹೊರಟೆ.

ಆಪಾಳಿಗೆ ವಾಸನೆ ಇನ್ನೂ ಬಂದಿಲ್ಲ. ಬರುತ್ತದೆಂದು ಆಕೆಯೂ ಈಗ ಕಾಯುತ್ತಿಲ್ಲ. ಒಲೆ ನಡೆಯುತ್ತಿದೆ. ಹೋದ ತಿಂಗಳು ಸೊಸೆ ತಾನೇ ಫೋನ್ ಮಾಡಿದ್ದಳು. "ಖಾಲಾ, ಪಟ್ಟಿ ನೆನಿ ಹಾಕೂ ಹುಣಸಿ ನೀರು ಬಿಸಿ ಇರಬೇಕೋ ತಣ್ಣಗೋ? ಅಮ್ಮಿ ತಣ್ಣಗ ಅಂತಾರ." ಬಿಸಿ ಇರಬೇಕು ಎಂದೆ. ಹಿಂದಿನಿಂದ ಆಪಾ, ಅಕ್ಕೋರಿಗೆ ಏನ ಗೊತ್ತೈತಿ, ಮೂಡಲಗ್ಯಾಗ ತಿಕ್ಕಿದ್ದೆಲ್ಲಾ ನಾ ಎಂದು ಕೂಗುವುದು ಕೇಳಿಸಿತು. ಅದು ಪೂರಾ ಸುಳ್ಳು. ನಾನು ಹಾಗೆಂದು ಹೇಳುವ ಮೊದಲೇ ಸೊಸೆ ನಗುತ್ತ ಫೋನ್ ಇಟ್ಟಳು.